ಹೊಸ ಕಂಪ್ಯೂಟರಲ್ಲಿ ಆ್ಯಕ್ಸೆಸ್ ಪ್ರೋಗ್ರಾಂ ‘ಮಿಸ್ಸಿಂಗ್’ ಅಂದರೆ ಯಾವ ದಾರಿ ಹಿಡಿಯಬೇಕು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಆಫೀಸ್ 2016 ಮತ್ತು 2019ಕ್ಕೂ ಅದೇ ದಿನ ಕೊನೆ. ಅಲ್ಲಿಂದ ಈಚೆಗೆ ಶಿರಸಿ, ಕುಮಟಾ, ಕಾರವಾರದ ಕಡೆಯಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಹಳೆ ಕಂಪ್ಯೂಟರ್ ತೆಗೆದೆವು, ಹೊಸದು ತಂದೆವು. ಹತ್ತು ವರ್ಷದಿಂದ ಲೆಕ್ಕ ಇಟ್ಟಿದ್ದ ಆ್ಯಕ್ಸೆಸ್ (ಮೈಕ್ರೋಸಾಫ್ಟ್ ಆಫೀಸಿನ ಡೇಟಾಬೇಸ್) ಪ್ರೋಗ್ರಾಂ ಪೆನ್‌ಡ್ರೈವಲ್ಲಿ ಹಾಕಿ ತಂದೆವು. ತೆರೆದುಕೊಳ್ಳುತ್ತದೆ, ಹಳೆ ಲೆಕ್ಕವೆಲ್ಲ ಇದೆ, ಆದರೆ ಬಟನ್ ಒತ್ತಿದರೆ ಏನೋ ಇಂಗ್ಲಿಷಲ್ಲಿ ಬಂದು ನಿಂತುಬಿಡುತ್ತದೆ. ಏನು ಮಾಡಬೇಕು? ಒಬ್ಬರು ಆಫೀಸ್ ಮತ್ತೆ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಯಾವುದೋ ಡಿಎಲ್ಎಲ್ (ಪ್ರೋಗ್ರಾಮುಗಳು ಬಳಸುವ ಕೋಡಿನ ಫೈಲು) ಕಾಪಿ ಮಾಡಿ ಅನ್ನುತ್ತಾರೆ, ಮತ್ತೊಬ್ಬರು ಪ್ರೋಗ್ರಾಮೇ ಹೊಸದಾಗಿ ಬರೆಸಿ ಅನ್ನುತ್ತಾರೆ.

ಎಲ್ಲರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಎಲ್ಲರಿಗೂ ಒಂದೇ ದಾರಿ ಹೊಂದುವುದಿಲ್ಲ. ಹಾಗಾಗಿ ಈ ಬರಹ.

ಮೊದಲು ಆಗಿರುವುದು ಏನು ಅಂತ ತಿಳಿದುಕೊಳ್ಳೋಣ. ಶಿರಸಿಯ ಒಂದು ಅಡಿಕೆ ಮಂಡಿಯ ಗುಮಾಸ್ತರು ಫೋನ್ ಮಾಡಿದ್ದರು. “ತಮಾ, ಪಟ್ಟಿನೇ ಬತ್ತಾ ಇಲ್ಲೆ, ತಾರೀಖು ತಪ್ಪಿದ್ದು ಹೇಳಿ ತೋರಿಸ್ತಾ ಇದ್ದು” ಅಂದರು. ಪಟ್ಟಿ ಅಂದರೆ ಅಡಿಕೆ ಮಾರಿದವರಿಗೆ ಕೊಡುವ ಬಿಲ್ಲು. ಹೋಗಿ ನೋಡಿದರೆ ತಾರೀಖಿನಲ್ಲಿ ಯಾವ ತಪ್ಪೂ ಇರಲಿಲ್ಲ. ಕೋಡಿನ ಕಿಟಕಿ ತೆರೆದುಕೊಂಡು ‘ಡೇಟ್’ ಅನ್ನುವ ಪದದ ಮೇಲೆ ಬಣ್ಣ ಬಿದ್ದಿತ್ತು, ಮೇಲೆ ‘ಕ್ಯಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ’ ಅನ್ನುವ ಸಂದೇಶ. ಇದೇ ಈ ಕಾಯಿಲೆಯ ಮುಖ್ಯ ಗುರುತು. ತಪ್ಪು ಇರುವುದು ಒಂದು ಕಡೆ, ತೋರಿಸುವುದು ಇನ್ನೊಂದು ಕಡೆ.

ಯಾಕೆ ಹೀಗೆ? ಆ್ಯಕ್ಸೆಸ್ ಪ್ರೋಗ್ರಾಂ ತನ್ನ ಕೆಲಸಕ್ಕೆ ಬೇರೆ ಪ್ರೋಗ್ರಾಮುಗಳ ಸಾಮಾನು ಬಳಸುತ್ತದೆ. ಪಟ್ಟಿಯನ್ನು ಎಕ್ಸೆಲಿಗೆ ಕಳಿಸಬೇಕಾದರೆ ಎಕ್ಸೆಲ್ಲಿನ ಲೈಬ್ರರಿ, ಮೇಲ್ ಕಳಿಸಲು ಔಟ್‌ಲುಕ್ಕಿನದು, ಫಾರಂನಲ್ಲಿ ಕ್ಯಾಲೆಂಡರ್ ತೋರಿಸಲು ಒಂದು ಓಸಿಎಕ್ಸ್ ಫೈಲು. ಯಾವ ಸಾಮಾನು, ಯಾವ ವರ್ಶನ್, ಎಲ್ಲಿದೆ ಅನ್ನುವುದನ್ನು ಅದು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ಪಟ್ಟಿಗೇ ರೆಫರೆನ್ಸಸ್ ಅನ್ನುವುದು. ಪಕ್ಕದ ಮನೆಯ ದೋಟಿ ನಂಬಿ ಅಡಿಕೆ ಕೊನೆಕೊಯ್ಲಿಗೆ ಹೊರಟ ಹಾಗೆ ಇದು. ಹೊಸ ಊರಿಗೆ ಬಂದರೆ ಆ ಮನೆಯೂ ಇಲ್ಲ, ದೋಟಿಯೂ ಇಲ್ಲ. ಪಟ್ಟಿಯಲ್ಲಿ ಒಂದೇ ಒಂದು ಸಾಮಾನು ಸಿಗದಿದ್ದರೂ ಸಾಕು, ಡೇಟ್, ಲೆಫ್ಟ್, ಫಾರ್ಮ್ಯಾಟ್ ಅನ್ನುವ ತೀರಾ ಸಾದಾ ಪದಗಳನ್ನೂ ಎಲ್ಲಿ ಹುಡುಕಬೇಕು ಅಂತ ಅದಕ್ಕೆ ತಿಳಿಯುವುದಿಲ್ಲ. ಮಂಡಿಯಲ್ಲಿ ಆಗಿದ್ದೂ ಅಷ್ಟೇ. ಹಳೆ ಕಂಪ್ಯೂಟರಲ್ಲಿ ಔಟ್‌ಲುಕ್ ಇತ್ತು, ಹೊಸದರಲ್ಲಿ ಇರಲಿಲ್ಲ. ಮಂಡಿಯವರು ಯಾವತ್ತೂ ಮೇಲ್ ಬಟನ್ ಒತ್ತಿದವರೇ ಅಲ್ಲ, ಆದರೂ ಅದರ ದೆಸೆಯಿಂದ ಅಡಿಕೆಯ ಪಟ್ಟಿ ಬರುವುದು ನಿಂತಿತ್ತು.

ನೋಡುವುದು ಸುಲಭ. ಪ್ರೋಗ್ರಾಮಿನ ಒಂದು ಕಾಪಿ ಬೇರೆ ಕಡೆ ತೆಗೆದಿಟ್ಟುಕೊಳ್ಳಿ, ಇದನ್ನು ಬಿಡಬೇಡಿ. ಆಮೇಲೆ ಆಲ್ಟ್ ಮತ್ತು ಎಫ್11 ಒಟ್ಟಿಗೆ ಒತ್ತಿದರೆ ಕೋಡಿನ ಕಿಟಕಿ ಬರುತ್ತದೆ. ಅಲ್ಲಿ ಟೂಲ್ಸ್ ಮೆನುವಿನಲ್ಲಿ ರೆಫರೆನ್ಸಸ್. ಅದು ಮಸುಕಾಗಿ ಕಂಡು ಒತ್ತಲು ಬರದಿದ್ದರೆ ಕೋಡ್ ಅರ್ಧಕ್ಕೆ ನಿಂತಿದೆ ಅಂತ ಅರ್ಥ, ಮೇಲಿರುವ ಚೌಕದ ರೀಸೆಟ್ ಬಟನ್ ಒತ್ತಿ ಮತ್ತೆ ನೋಡಿ. ಪಟ್ಟಿಯಲ್ಲಿ ಟಿಕ್ ಇರುವ ಯಾವುದಾದರೂ ಸಾಲಿನ ಮುಂದೆ ‘ಮಿಸ್ಸಿಂಗ್’ ಅಂತ ಇದೆಯಾ ನೋಡಿ. ಇದ್ದರೆ ಅದರ ಹೆಸರು, ವರ್ಶನ್ ಸಂಖ್ಯೆ, ಕೆಳಗೆ ಕಾಣುವ ಜಾಗ, ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನದೆಲ್ಲ ಈ ಚೀಟಿಯ ಮೇಲೆ ನಿಂತಿದೆ.

ಮಿಸ್ಸಿಂಗ್ ಕಾಣದಿದ್ದರೆ ಹೆಚ್ಚಾಗಿ ತೊಂದರೆ ಬೇರೆಯದು (ಒಂದು ಅಪವಾದ ಮುಂದೆ ಹೇಳುತ್ತೇನೆ), ಇಲ್ಲಿ ಹೇಳುವುದನ್ನು ಮಾಡಿ ಸುಮ್ನೆ ಕೈ ಸುಟ್ಟುಕೊಳ್ಳಬೇಡಿ. ಬಟನ್ ಒತ್ತಿದರೆ ಏನೂ ಆಗುವುದೇ ಇಲ್ಲ ಅಂದರೆ ಮ್ಯಾಕ್ರೋ, ಅಂದರೆ ಒಳಗಿನ ಕೋಡ್, ಓಡದಂತೆ ಆ್ಯಕ್ಸೆಸ್ ತಡೆದಿದೆ, ಫೋಲ್ಡರನ್ನು ಟ್ರಸ್ಟೆಡ್ ಲೊಕೇಶನ್ನಿಗೆ ಸೇರಿಸಬೇಕು. ಫೈಲು ಮೇಲ್‌ನಲ್ಲಿ ಬಂದಿದ್ದರೆ ಅದರ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮಾಡಬೇಕಾಗಬಹುದು. ಟೇಬಲ್ ತೆರೆಯುವುದಿಲ್ಲ, ಪಾತ್ ಸರಿಯಿಲ್ಲ ಅಂದರೆ ಲಿಂಕ್ಡ್ ಟೇಬಲ್ ಮ್ಯಾನೇಜರ್‌ನಲ್ಲಿ ಹೊಸ ಜಾಗ ತೋರಿಸಬೇಕು. 64 ಬಿಟ್ಟಿಗೆ ಕೋಡ್ ತಿದ್ದಬೇಕು ಅಂತ ಬಂದರೆ ಡಿಕ್ಲೇರ್ ಸಾಲುಗಳಿಗೆ ‘ಪಿಟಿಆರ್‌ಸೇಫ್’ ಸೇರಿಸುವ ಕೆಲಸ. ಇನ್ನು ರೈತರ ಹೆಸರೆಲ್ಲ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರದಲ್ಲಿ ಕಾಣುತ್ತಿದ್ದರೆ ಅದು ನುಡಿ ಅಥವಾ ಬರಹದ ಹಳೆ ಫಾಂಟ್ ಹೊಸ ಕಂಪ್ಯೂಟರಲ್ಲಿ ಇಲ್ಲದ್ದರಿಂದ, ಗಾಬರಿ ಬೇಡ, ಡೇಟಾ ಹಾಳಾಗಿಲ್ಲ.

ತೂಗಿ ನೋಡಬೇಕಾದ್ದು

ದಾರಿ ಆರಿಸುವ ಮೊದಲು ನಾನು ಕೇಳುವ ಪ್ರಶ್ನೆಗಳು ಇವು. ಎಷ್ಟು ಕಂಪ್ಯೂಟರುಗಳಲ್ಲಿ ಈ ಪ್ರೋಗ್ರಾಂ ಓಡಬೇಕು, ಎಲ್ಲದರಲ್ಲೂ ಒಂದೇ ಆಫೀಸ್ ಇದೆಯಾ? ಕಾಣೆಯಾಗಿರುವುದು ಎಕ್ಸೆಲ್, ವರ್ಡ್, ಔಟ್‌ಲುಕ್ ಥರದ್ದಾ, ಅಥವಾ ಫಾರಂ ಮೇಲೆ ಕೂತಿರುವ ಕ್ಯಾಲೆಂಡರ್ ಥರದ ಓಸಿಎಕ್ಸಾ? ಕೋಡ್ ತೆರೆದು ತಿದ್ದಲು ಬರುವ ಮೂಲ ಫೈಲು ನಿಮ್ಮ ಹತ್ತಿರ ಇದೆಯಾ, ಅಥವಾ ಬರೆದುಕೊಟ್ಟವರು ಎಸಿಸಿಡಿಇ (ಕೋಡ್ ತೆರೆಯಲು ಬರದ ಫೈಲು) ಮಾಡಿ ಕೊಟ್ಟಿದ್ದಾರಾ? ದುಡ್ಡು ಎಷ್ಟು, ಸಮಯ ಎಷ್ಟು?

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಮುಂದಿನ ಸಲ ಇದು ಕೆಟ್ಟಾಗ ಆ ಕಂಪ್ಯೂಟರಿನ ಮುಂದೆ ಯಾರು ಕೂತಿರುತ್ತಾರೆ? ನೀವೇ ಕೂತಿದ್ದರೆ ಐದು ನಿಮಿಷದ ಕೆಲಸ. ಕಾರವಾರದಲ್ಲಿ ಕೂತವರು ಗುಮಾಸ್ತರು, ನೀವಿರುವುದು ಶಿರಸಿಯಲ್ಲಿ, ಆಷಾಢದ ಮಳೆಗೆ ಕರೆಂಟೂ ಇಲ್ಲ ನೆಟ್ಟೂ ಇಲ್ಲ ಅಂದರೆ ದೂರದಿಂದಲೇ ಕಂಪ್ಯೂಟರ್ ನೋಡುವ ಎನಿಡೆಸ್ಕ್ ಕೂಡ ಕೈ ಕೊಡುತ್ತದೆ, ಆಮೇಲೆ ದೇವಿಮನೆ ಘಟ್ಟ ಇಳಿದೇ ಹೋಗಬೇಕು. ನನ್ನ ಮಟ್ಟಿಗೆ ಒಂದು ಪರಿಹಾರ ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನ ಆಗುವುದು ಇಲ್ಲೇ.

ಟಿಕ್ ತೆಗೆದು ಟಿಕ್ ಹಾಕುವುದು

ಇದು ಎಲ್ಲರೂ ಮೊದಲು ಮಾಡುವುದು, ಮಾಡಬೇಕಾದ್ದೂ ಹೌದು. ಮಿಸ್ಸಿಂಗ್ ಅಂತ ಇರುವುದರ ಟಿಕ್ ತೆಗೆಯಿರಿ, ಓಕೆ ಕೊಡಿ, ಮತ್ತೆ ತೆರೆದು ಅದೇ ಸಾಮಾನಿನ ಈ ಕಂಪ್ಯೂಟರಿನ ವರ್ಶನ್ ಹುಡುಕಿ ಟಿಕ್ ಹಾಕಿ. ಆಮೇಲೆ ಡೀಬಗ್ ಮೆನುವಿನಲ್ಲಿ ಕಂಪೈಲ್ ಕೊಡಿ. ತಪ್ಪು ಬರದಿದ್ದರೆ ಮುಗಿಯಿತು. ಮಂಡಿಯಲ್ಲಿ ಆ ದಿನ ನಾನು ಮಾಡಿದ್ದೂ ಇದನ್ನೇ. ಔಟ್‌ಲುಕ್ ಟಿಕ್ ತೆಗೆದೆ, ಕಂಪೈಲ್ ಕೊಟ್ಟಾಗ ಮೇಲ್ ಕಳಿಸುವ ತುಂಡು ತಪ್ಪು ಅಂದಿತು, ಆ ಬಟನ್ ಬೇಕಾ ಅಂತ ಕೇಳಿದೆ, ಬೇಡ ಅಂದರು, ತೆಗೆದುಹಾಕಿದೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಅಂತ ಸಾಲಾಗಿ ಪಟ್ಟಿ ಪ್ರಿಂಟರಿನಿಂದ ಹೊರಗೆ ಬಂತು. ಹೊರಗಡೆ ದುಡ್ಡಿಗೆ ಕಾದಿದ್ದವರು ಪಟ್ಟಿ ಹಿಡಿದುಕೊಂಡು ಹೋದರು.

ಒಂದು ಕಂಪ್ಯೂಟರ್, ಒಬ್ಬರೇ ಬಳಸುವವರು, ಇನ್ನು ನಾಲ್ಕೈದು ವರ್ಷ ಬದಲಾವಣೆ ಇಲ್ಲ ಅಂದರೆ ಇಷ್ಟೇ ಸಾಕು. ಒಂದು ರೂಪಾಯಿ ಖರ್ಚಿಲ್ಲ. ಕೆಲವು ಸಲ ಮಿಸ್ಸಿಂಗ್ ಯಾವುದೂ ಕಾಣದೆಯೂ ಅದೇ ತಪ್ಪು ಬರುತ್ತದೆ. ಆಗ ಬಳಸದ ಯಾವುದಾದರೂ ಲೈಬ್ರರಿಗೆ ಟಿಕ್ ಹಾಕಿ ಓಕೆ ಕೊಟ್ಟು, ಮತ್ತೆ ಹೋಗಿ ಅದರ ಟಿಕ್ ತೆಗೆಯಿರಿ. ಪಟ್ಟಿಯನ್ನು ಆ್ಯಕ್ಸೆಸ್ ಹೊಸದಾಗಿ ಓದಿಕೊಳ್ಳುತ್ತದೆ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಹಳೆ ಆ್ಯಕ್ಸೆಸ್‌ನ ಎಂಡಿಬಿ ಫೈಲಿನಿಂದ ಬಂದವರಿಗೆ ಒಂದು ಮಾತು. ಮಿಸ್ಸಿಂಗ್ ಆಗಿರುವುದು ಡಿಎಒ 3.6 (ಟೇಬಲ್‌ಗಳನ್ನು ಓದಿ ಬರೆಯುವ ಹಳೆ ಲೈಬ್ರರಿ) ಆಗಿದ್ದರೆ ಅದನ್ನು ಹುಡುಕುತ್ತಾ ಹೋಗಬೇಡಿ. ಅದು 32 ಬಿಟ್ ಕಾಲದ್ದು. ಅದರ ಟಿಕ್ ತೆಗೆದು ‘ಆ್ಯಕ್ಸೆಸ್ ಡೇಟಾಬೇಸ್ ಎಂಜಿನ್ ಆಬ್ಜೆಕ್ಟ್ ಲೈಬ್ರರಿ’ಗೆ ಹಾಕಿ. ಎರಡಕ್ಕೂ ಒಟ್ಟಿಗೆ ಟಿಕ್ ಹಾಕಲು ಹೋದರೆ ಹೆಸರು ತಾಕಲಾಡುತ್ತದೆ ಅಂತ ಅದೇ ಬೈಯುತ್ತದೆ.

ಆದರೆ ಎರಡು ಥರದ ಆಫೀಸ್ ಇರುವ ಕಡೆ ಟಿಕ್ ಪರಿಹಾರ ನಿಲ್ಲುವುದಿಲ್ಲ. ಅಂಕೋಲಾ ಕಡೆಯ ಒಂದು ಸಹಕಾರಿ ಸಂಘದಲ್ಲಿ ಆರು ಕಂಪ್ಯೂಟರ್. ಪ್ರೋಗ್ರಾಂ ಒಂದೇ, ಶೇರ್ ಮಾಡಿದ ಫೋಲ್ಡರಿನಲ್ಲಿ, ಎಲ್ಲರೂ ಅದನ್ನೇ ತೆರೆಯುವುದು. ಬೆಳಿಗ್ಗೆ ಸರಿಯಿರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕಂಪ್ಯೂಟರಲ್ಲಿ ಕೆಟ್ಟಿರುತ್ತಿತ್ತು. ನಾನು ಟಿಕ್ ಹಾಕಿ ಬಂದರೆ ಮರುದಿನ ಮತ್ತೆ ಫೋನು. ಕಾರಣ ಇಷ್ಟೇ. ಎಕ್ಸೆಲ್ಲಿನ ಲೈಬ್ರರಿ 2007ಕ್ಕೆ 12.0, 2010ಕ್ಕೆ 14.0, 2013ಕ್ಕೆ 15.0, 2016ರಿಂದ ಇಂದಿನವರೆಗೆ 16.0. ಹಳೆಯದರಲ್ಲಿ ಮಾಡಿದ ಪ್ರೋಗ್ರಾಮನ್ನು ಹೊಸದರಲ್ಲಿ ತೆರೆದರೆ ಸಂಖ್ಯೆ ತಾನಾಗೇ ಮೇಲಕ್ಕೆ ಏರುತ್ತದೆ. ಏರಿದ್ದು ಮತ್ತೆ ಇಳಿಯುವುದಿಲ್ಲ. ವ್ಯವಸ್ಥಾಪಕರ ಹೊಸ ಕಂಪ್ಯೂಟರಲ್ಲಿ ಒಮ್ಮೆ ತೆರೆದರೆ ಸಾಕು, 14.0 ಹೋಗಿ 16.0 ಆಗುತ್ತಿತ್ತು, 2010 ಇದ್ದ ಕೌಂಟರಿನ ಕಂಪ್ಯೂಟರುಗಳಿಗೆ ಅದು ಸಿಗುತ್ತಿರಲಿಲ್ಲ.

ಇಂಥ ಕಡೆ ಮೊದಲು ಮಾಡಬೇಕಾದ್ದು ಪ್ರೋಗ್ರಾಮನ್ನು ಎರಡು ಭಾಗ ಮಾಡುವುದು. ಡೇಟಾಬೇಸ್ ಟೂಲ್ಸ್‌ನಲ್ಲಿ ಅದಕ್ಕೊಂದು ಬಟನ್ನೇ ಇದೆ. ಟೇಬಲ್‌ಗಳ ಫೈಲು ಶೇರ್ ಫೋಲ್ಡರಿನಲ್ಲಿ ಇರುತ್ತದೆ, ಫಾರಂ, ರಿಪೋರ್ಟು, ಕೋಡ್ ಇರುವ ಫೈಲು ಪ್ರತಿ ಕಂಪ್ಯೂಟರಿಗೂ ಒಂದೊಂದು. ಆಗ ಒಬ್ಬರದು ಏರಿದರೆ ಇನ್ನೊಬ್ಬರದಕ್ಕೆ ತಾಕುವುದಿಲ್ಲ. ಇದನ್ನು ನಾನು ಬೇರೆ ಆಯ್ಕೆ ಅಂತ ಎಣಿಸುವುದಿಲ್ಲ. ಎರಡು ಕಂಪ್ಯೂಟರ್ ಇದ್ದರೂ ಯಾವ ದಾರಿ ಹಿಡಿದರೂ ಇದು ಬೇಕೇ ಬೇಕು. ಹಾಗೆಯೇ, ಕೋಡ್ ತಿದ್ದುವಾಗ ಇರುವುದರಲ್ಲಿ ಅತಿ ಹಳೆಯ ಆಫೀಸ್ ಇರುವ ಕಂಪ್ಯೂಟರಿನಲ್ಲೇ ತಿದ್ದಿ. ಹಳೆಯದರಿಂದ ಹೊಸದಕ್ಕೆ ಹೋಗುವಾಗ ತೊಂದರೆ ಕಡಿಮೆ, ಹೊಸದರಿಂದ ಹಳೆಯದಕ್ಕೆ ಬರುವಾಗಲೇ ಒಡೆಯುವುದು.

ಫೈಲು ತಂದು ರಿಜಿಸ್ಟರ್ ಮಾಡುವುದು

ಓಸಿಎಕ್ಸ್ ಅಥವಾ ಡಿಎಲ್ಎಲ್ ಕಾಣೆಯಾಗಿದ್ದರೆ ಹಳೆ ಕಂಪ್ಯೂಟರಿನಿಂದ ಆ ಫೈಲನ್ನು ತಂದು ರೆಗ್‌ಎಸ್‌ವಿಆರ್32 ಅನ್ನುವ ಕಮಾಂಡಿನಿಂದ ವಿಂಡೋಸಿಗೆ ಪರಿಚಯ ಮಾಡಿಸುವುದು ಇನ್ನೊಂದು ದಾರಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. 64 ಬಿಟ್ ವಿಂಡೋಸಿನಲ್ಲಿ 32 ಬಿಟ್ ಫೈಲಾದರೆ ಸಿಸ್‌ವೌ64 ಫೋಲ್ಡರಿನಲ್ಲಿರುವ ರೆಗ್‌ಎಸ್‌ವಿಆರ್32 ಬಳಸಬೇಕು. ಹೆಸರು ನೋಡಿದರೆ ಉಲ್ಟಾ ಅನಿಸುತ್ತದೆ, ಆದರೆ ಇರುವುದೇ ಹಾಗೆ. ಎಷ್ಟೋ ಜನ ಎಡವುವುದು ಇಲ್ಲೇ.

ಇದು ಒಳ್ಳೆಯದು ಯಾರಿಗೆ? ಹೊಸ ಕಂಪ್ಯೂಟರಲ್ಲೂ 32 ಬಿಟ್ ಆಫೀಸೇ ಹಾಕಿಕೊಂಡವರಿಗೆ. 64 ಬಿಟ್ ಆ್ಯಕ್ಸೆಸ್ ಒಳಗೆ 32 ಬಿಟ್ ಓಸಿಎಕ್ಸ್ ಓಡುವುದೇ ಇಲ್ಲ, ಎಷ್ಟು ಸಲ ರಿಜಿಸ್ಟರ್ ಮಾಡಿದರೂ ಅಷ್ಟೇ. ಆಫೀಸ್ 2019ರಿಂದ ಈಚೆಗೆ ಕೇಳದೆ ಹಾಕಿದರೆ 64 ಬಿಟ್ಟೇ ಕೂರುತ್ತದೆ. ಹಾಗಾಗಿ ಹೊಸ ಕಂಪ್ಯೂಟರ್ ಕೊಡುವ ಅಂಗಡಿಯವರಿಗೆ ಮೊದಲೇ ಹೇಳಬೇಕು. ಎಲ್ಲಕ್ಕಿಂತ ಮುಖ್ಯ, ಆ ಫೈಲನ್ನು ಡಿಎಲ್ಎಲ್ ಫ್ರೀಯಾಗಿ ಕೊಡುತ್ತೇವೆ ಅನ್ನುವ ಯಾವುದೋ ಕಡೆಯಿಂದ ಇಳಿಸಿಕೊಳ್ಳಬೇಡಿ. ಅದರ ಜೊತೆ ಏನು ಬರುತ್ತದೆ ಅಂತ ಹೇಳಲಾಗದು, ಅದೂ ಲೆಕ್ಕದ ಕಂಪ್ಯೂಟರಿಗೆ. ನಿಮ್ಮದೇ ಹಳೆ ಕಂಪ್ಯೂಟರಿನಿಂದ ತನ್ನಿ. ಅದಕ್ಕೇ, ಹೊಸದು ಪೂರ್ತಿ ಓಡುವವರೆಗೆ ಹಳೆಯದನ್ನು ಮಾರಬೇಡಿ. ಕರಾವಳಿಯ ಉಪ್ಪುಗಾಳಿಗೆ ಹಳೆ ಕಂಪ್ಯೂಟರಿನ ಒಳಗೆಲ್ಲ ತುಕ್ಕು ಹಿಡಿದಿರುತ್ತದೆ, ಇನ್ನೊಂದು ತಿಂಗಳು ಬಾಳುತ್ತದೋ ಇಲ್ಲವೋ, ಇರುವಾಗಲೇ ಬೇಕಾದ್ದು ತೆಗೆದುಕೊಳ್ಳಿ.

ಆಫೀಸ್ ಕೊಳ್ಳುವುದು, ರನ್‌ಟೈಮ್ ಹಾಕುವುದು

ದುಡ್ಡು ಕೊಟ್ಟು ಎಲ್ಲ ಕಂಪ್ಯೂಟರಿಗೂ ಒಂದೇ ಆಫೀಸ್ ಹಾಕಿಸಿದರೆ ರೆಫರೆನ್ಸ್ ತೊಂದರೆ ಬಹುಪಾಲು ಇರುವುದಿಲ್ಲ. ನಿಜ. ಆರು ಕಂಪ್ಯೂಟರಿಗೂ ಹೇಗೂ ಹೊಸ ಆಫೀಸ್ ಬೇಕೇ ಇದೆ ಅನ್ನುವವರು ಹಾಗೆ ಮಾಡಲಿ. ಇದೊಂದಕ್ಕಾಗಿಯೇ ಕೊಳ್ಳುವುದಾದರೆ ನಾನು ಬೇಡ ಅನ್ನುತ್ತೇನೆ.

ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ಲ್ಯಾಪ್‌ಟಾಪ್ ಜೊತೆ ಬರುವ ಆಫೀಸ್ ಹೋಮ್‌ನಲ್ಲಿ (2021ರದ್ದರವರೆಗೆ ಹೋಮ್ ಆ್ಯಂಡ್ ಸ್ಟೂಡೆಂಟ್ ಅನ್ನುತ್ತಿದ್ದರು) ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಇರುತ್ತವೆ, ಆ್ಯಕ್ಸೆಸ್ ಇರುವುದಿಲ್ಲ. ಆಫೀಸ್ ಇದೆ ಅಂತ ನಂಬಿ ತಂದು ಮನೆಗೆ ಬಂದಮೇಲೆ ಗೊತ್ತಾಗುವವರು ಜಾಸ್ತಿ. ಮೈಕ್ರೋಸಾಫ್ಟ್ 365ರ ಪರ್ಸನಲ್, ಫ್ಯಾಮಿಲಿ ಎರಡರಲ್ಲೂ ವಿಂಡೋಸ್ ಕಂಪ್ಯೂಟರಿಗೆ ಆ್ಯಕ್ಸೆಸ್ ಸಿಗುತ್ತದೆ.

ಪ್ರೋಗ್ರಾಂ ಬಳಸಿದರೆ ಸಾಕು, ತಿದ್ದುವುದು ಬೇಡ ಅನ್ನುವ ಕಂಪ್ಯೂಟರುಗಳಿಗೆ ಆ್ಯಕ್ಸೆಸ್ ರನ್‌ಟೈಮ್ ಇದೆ. ಪುಕ್ಕಟೆ. ಕೌಂಟರಿನಲ್ಲಿ ಕೂರುವವರಿಗೆ ಅಷ್ಟೇ ತಾನೇ ಬೇಕಾದ್ದು? ಆದರೆ ಅದರ ಜೊತೆ ಎಕ್ಸೆಲ್, ಔಟ್‌ಲುಕ್ ಬರುವುದಿಲ್ಲ. ಕೋಡಿನ ಕಿಟಕಿಯೂ ಇರುವುದಿಲ್ಲ, ಅಂದರೆ ಟಿಕ್ ತೆಗೆಯುವ ದಾರಿ ಅಲ್ಲಿ ಮುಚ್ಚಿದ ಹಾಗೆಯೇ. ತಪ್ಪನ್ನು ಹಿಡಿಯುವ ಕೋಡ್ ಬರೆದಿರದಿದ್ದರೆ ಒಂದು ತಪ್ಪು ಬಂದ ಕೂಡಲೇ ಪ್ರೋಗ್ರಾಂ ಪೂರ್ತಿ ಮುಚ್ಚಿಹೋಗುತ್ತದೆ. ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಪೂರ್ತಿ ಆ್ಯಕ್ಸೆಸ್ ಇರುವ ಕಂಪ್ಯೂಟರಿನಲ್ಲೇ ಫೈಲಿನ ಕಾಪಿಯ ಕೊನೆಯ ಹೆಸರನ್ನು ಎಸಿಸಿಡಿಬಿಯಿಂದ ಎಸಿಸಿಡಿಆರ್ ಅಂತ ಬದಲಿಸಿ ತೆರೆದರೆ ಅದು ರನ್‌ಟೈಮಿನ ಹಾಗೆಯೇ ನಡೆದುಕೊಳ್ಳುತ್ತದೆ. ಒಂದು ದಿನದ ಕೆಲಸ ಪೂರ್ತಿ ಅದರಲ್ಲಿ ಮಾಡಿ ನೋಡಿ. ಇನ್ನೊಂದು, ಆ ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಆಫೀಸ್ 32 ಬಿಟ್ ಆದರೆ ರನ್‌ಟೈಮೂ 32 ಬಿಟ್ಟೇ ಬೇಕು, 64 ಆದರೆ 64.

ರೆಫರೆನ್ಸೇ ಇಲ್ಲದ ಹಾಗೆ ಬರೆಯುವುದು

ನನಗೆ ತುಂಬ ಹಿಡಿಸಿದ ದಾರಿ ಇದು. ಲೇಟ್ ಬೈಂಡಿಂಗ್ ಅನ್ನುತ್ತಾರೆ. ಎಕ್ಸೆಲ್ ಎಲ್ಲಿದೆ, ಯಾವ ವರ್ಶನ್ ಅಂತ ಮೊದಲೇ ಬರೆದಿಟ್ಟುಕೊಳ್ಳುವ ಬದಲು, ಬಟನ್ ಒತ್ತಿದ ಹೊತ್ತಿಗೆ “ಇಲ್ಲಿ ಎಕ್ಸೆಲ್ ಇದೆಯಾ” ಅಂತ ವಿಂಡೋಸನ್ನು ಕೇಳುವುದು. ಇದ್ದರೆ ಯಾವ ವರ್ಶನ್ನಾದರೂ ಸರಿ. ಇಲ್ಲದಿದ್ದರೆ 429 ಅನ್ನುವ ತಪ್ಪು ಬರುತ್ತದೆ, ಆದರೆ ಆ ಬಟನ್ನಿಗೆ ಮಾತ್ರ. ಪಟ್ಟಿ, ರಸೀದಿ, ಖಾತೆ ಎಲ್ಲ ಎಂದಿನಂತೆ ನಡೆಯುತ್ತವೆ. ಎಲ್ಲಿ ಕೆಟ್ಟಿದೆಯೋ ಅಲ್ಲೇ ನಿಲ್ಲುತ್ತದೆ ಅನ್ನುವುದು ದೂರದಲ್ಲಿ ಕೂತ ನಮಗೆ ಎಷ್ಟು ದೊಡ್ಡ ನೆಮ್ಮದಿ ಅಲ್ವಾ?

ಮಾಡುವುದು ಹೀಗೆ. ‘ಎಕ್ಸೆಲ್ ಡಾಟ್ ಅಪ್ಲಿಕೇಶನ್’, ‘ಎಕ್ಸೆಲ್ ಡಾಟ್ ವರ್ಕ್‌ಬುಕ್’ ಅಂತ ಡಿಮ್ ಸಾಲಿನಲ್ಲಿ ಇರುವಲ್ಲೆಲ್ಲ ಬರೀ ‘ಆಬ್ಜೆಕ್ಟ್’ ಅಂತ ಬದಲಿಸಿ. ‘ನ್ಯೂ’ ಅಂತ ಹೇಳಿ ಎಕ್ಸೆಲ್ ತೆರೆಯುತ್ತಿದ್ದ ಕಡೆ ‘ಕ್ರಿಯೇಟ್‌ಆಬ್ಜೆಕ್ಟ್’ ಬಳಸಿ, ಅದಕ್ಕೆ ‘ಎಕ್ಸೆಲ್ ಡಾಟ್ ಅಪ್ಲಿಕೇಶನ್’ ಅನ್ನುವ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಕೊಡಿ. ಕೊನೆಗೆ ಎಕ್ಸೆಲ್ ಟಿಕ್ ತೆಗೆಯಿರಿ.

ಇಷ್ಟು ಮಾಡಿ ಬಿಟ್ಟರೆ ಸಿಕ್ಕಿಬೀಳುವುದು ಖಂಡಿತ. ಎಕ್ಸೆಲ್ಲಿನ ಹೆಸರಿಟ್ಟ ಸಂಖ್ಯೆಗಳು ಕೋಡಿನಲ್ಲಿ ಅಲ್ಲಲ್ಲಿ ಇರುತ್ತವೆ. ಕೊನೆಯ ಸಾಲು ಹುಡುಕಲು ‘ಎಕ್ಸ್‌ಎಲ್‌ಅಪ್’, ಅದರ ಬೆಲೆ ಮೈನಸ್ 4162. ನಡುವಿಗೆ ತರಲು ‘ಎಕ್ಸ್‌ಎಲ್‌ಸೆಂಟರ್’, ಮೈನಸ್ 4108. ಟಿಕ್ ಹೋದಮೇಲೆ ಈ ಹೆಸರುಗಳು ಯಾರಿಗೂ ಗೊತ್ತಿಲ್ಲ. ಮಾಡ್ಯೂಲಿನ ತಲೆಯಲ್ಲಿ ‘ಆಪ್ಶನ್ ಎಕ್ಸ್‌ಪ್ಲಿಸಿಟ್’ ಇಲ್ಲದಿದ್ದರೆ ಆ್ಯಕ್ಸೆಸ್ ಅದನ್ನು ಖಾಲಿ ಹೆಸರು ಅಂದುಕೊಂಡು ಸೊನ್ನೆ ಮಾಡಿಕೊಳ್ಳುತ್ತದೆ, ಆಮೇಲೆ ಎಲ್ಲೋ ಸಂಬಂಧವೇ ಇಲ್ಲದ ತಪ್ಪು ಬರುತ್ತದೆ. ಹಾಗಾಗಿ ಮೊದಲು ಎಲ್ಲ ಮಾಡ್ಯೂಲಿಗೂ ಆ ಸಾಲು ಹಾಕಿ, ಟಿಕ್ ತೆಗೆಯಿರಿ, ಕಂಪೈಲ್ ಕೊಡಿ. ಗೊತ್ತಿಲ್ಲದ ಹೆಸರನ್ನು ಅದೇ ಒಂದೊಂದಾಗಿ ತೋರಿಸುತ್ತದೆ. ಒಂದಕ್ಕೆ ಬೆಲೆ ಬರೆದು ಮತ್ತೆ ಕಂಪೈಲ್, ಮತ್ತೊಂದು, ಮತ್ತೆ ಕಂಪೈಲ್. ಅಂಕೋಲಾದ ಸಂಘದ ಪ್ರೋಗ್ರಾಮಿಗೆ ನನಗೆ ಹಿಡಿದಿದ್ದು ಒಂದೂವರೆ ದಿನ. ಈಗ ಆರೂ ಕಂಪ್ಯೂಟರಲ್ಲಿ ಒಂದೇ ಫೈಲಿನ ಕಾಪಿ ಓಡುತ್ತಿದೆ, 2010 ಇರಲಿ 365 ಇರಲಿ.

ಫೈಲು ಆರಿಸುವ ಕಿಟಕಿಗಾಗಿ ಮಾತ್ರ ಆಫೀಸ್ ಲೈಬ್ರರಿಗೆ ಟಿಕ್ ಹಾಕಿಕೊಂಡವರು ಬಹಳ ಜನ ಇದ್ದಾರೆ. ಅದಕ್ಕೂ ಟಿಕ್ ಬೇಕಿಲ್ಲ. ‘ಅಪ್ಲಿಕೇಶನ್ ಡಾಟ್ ಫೈಲ್‌ಡಯಲಾಗ್’ಗೆ ಹೆಸರಿನ ಬದಲು 3 ಅಂತ ಕೊಟ್ಟರೆ ಫೈಲು, 4 ಅಂತ ಕೊಟ್ಟರೆ ಫೋಲ್ಡರು.

ಇದರಲ್ಲಿ ಕಳೆದುಕೊಳ್ಳುವುದೂ ಇದೆ. ಕೋಡ್ ಬರೆಯುವಾಗ ಚುಕ್ಕಿ ಒತ್ತಿದ ಕೂಡಲೇ ಬರುತ್ತಿದ್ದ ಸಲಹೆಯ ಪಟ್ಟಿ ಬರುವುದಿಲ್ಲ. ಹೆಸರು ತಪ್ಪು ಬರೆದರೆ ಕಂಪೈಲಿನಲ್ಲಿ ಸಿಗುವುದಿಲ್ಲ, ಓಡಿಸಿದಾಗಲೇ ಸಿಗುವುದು. ಸಾವಿರಾರು ಸಾಲನ್ನು ಒಂದೊಂದು ಕೋಣೆಯಾಗಿ ಎಕ್ಸೆಲಿಗೆ ತುಂಬಿಸುವ ಕೋಡಾದರೆ ಸ್ವಲ್ಪ ನಿಧಾನವೂ ಆಗುತ್ತದೆ. ನಾನು ಮಾಡುವುದು ಏನೆಂದರೆ ಬರೆಯುವಾಗ ಟಿಕ್ ಹಾಕಿಕೊಂಡೇ ಬರೆಯುತ್ತೇನೆ, ಕೊಡುವ ಮೊದಲು ಬದಲಿಸಿ ಟಿಕ್ ತೆಗೆಯುತ್ತೇನೆ. ಇನ್ನು, ಫಾರಂ ಮೇಲೆ ಕೂತಿರುವ ಓಸಿಎಕ್ಸಿಗೆ ಈ ದಾರಿ ಉಪಯೋಗಕ್ಕೆ ಬರುವುದಿಲ್ಲ.

ಆ ಸಾಮಾನನ್ನೇ ಬಿಡುವುದು

ಓಸಿಎಕ್ಸಿಗೆ ಇರುವ ಗಟ್ಟಿ ಉತ್ತರ ಇದು. ಕಾರವಾರದ ಬೈತಖೋಲದ ಹತ್ತಿರ ಬೋಟುಗಳಿಗೆ ಐಸು, ಡೀಸೆಲ್ ಉದ್ರಿ ಕೊಡುವವರೊಬ್ಬರ ಪ್ರೋಗ್ರಾಮಿನಲ್ಲಿ ತಾರೀಖು ಆರಿಸಲು ಹಳೆ ಕ್ಯಾಲೆಂಡರ್ ಕಂಟ್ರೋಲ್ ಇತ್ತು, ಎಂಎಸ್‌ಕ್ಯಾಲ್ ಡಾಟ್ ಓಸಿಎಕ್ಸ್. ಅದನ್ನು ಆ್ಯಕ್ಸೆಸ್ 2010ರಿಂದಲೇ ತೆಗೆದುಹಾಕಿದ್ದಾರೆ. ಅವರಿಗೆ ಮೊದಲು ಯಾರೋ ಹಳೆ ಫೈಲು ತಂದು ರಿಜಿಸ್ಟರ್ ಮಾಡಿಕೊಟ್ಟಿದ್ದರು, ಎರಡು ವರ್ಷ ನಡೆದಿತ್ತು, ಮತ್ತೆ ಕಂಪ್ಯೂಟರ್ ಬದಲಾದಾಗ ಮತ್ತೆ ಅದೇ ಗೋಳು. ಆ್ಯಕ್ಸೆಸ್ 2007ರಿಂದ ತಾರೀಖಿನ ಬಾಕ್ಸಿಗೆ ತನ್ನದೇ ಕ್ಯಾಲೆಂಡರ್ ಇದೆ. ಬಾಕ್ಸಿನ ಪ್ರಾಪರ್ಟಿಯಲ್ಲಿ ಶೋ ಡೇಟ್ ಪಿಕ್ಕರ್ ಇದ್ದರೆ ಆಯಿತು, ಪಕ್ಕದಲ್ಲಿ ಸಣ್ಣ ಚಿತ್ರ ಬರುತ್ತದೆ. ಹನ್ನೊಂದು ಫಾರಂನಲ್ಲಿ ಹಳೆಯದನ್ನು ಕಿತ್ತು ಇದನ್ನು ಕೂರಿಸಿದೆವು.

ಈ ಕೆಲಸಕ್ಕೆ ಸಮಯ ಬೇಕು, ಮಾಡುವಾಗ ಲೆಕ್ಕ ನಿಲ್ಲುತ್ತದೆ. ಅದಕ್ಕೆ ಅವರು ಆರಿಸಿಕೊಂಡಿದ್ದು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳನ್ನು. ಬೋಟು ಇಳಿಯುವುದಿಲ್ಲ, ಉದ್ರಿ ಬರೆಯುವುದಿಲ್ಲ. ಅಡಿಕೆಯವರೂ ಹೀಗೆ ತಮ್ಮ ವ್ಯಾಪಾರದ ಭರಾಟೆ ಮುಗಿದಮೇಲೆ ಕೈ ಹಾಕಿದರೆ ಒಳ್ಳೆಯದು. ಅಲ್ಲಿಯವರೆಗೆ ಟಿಕ್ ತೆಗೆದು ದಿನ ದೂಡಬಹುದು.

ಎಕ್ಸೆಲ್ ವಿಷಯದಲ್ಲೂ ಒಮ್ಮೆ ಯೋಚಿಸಿ. ಬಣ್ಣ, ಗೆರೆ, ಅಂದಚಂದ ಬೇಡ, ಅಂಕಿಗಳು ಹಾಳೆಗೆ ಹೋದರೆ ಸಾಕು ಅಂದರೆ ಆ್ಯಕ್ಸೆಸ್‌ನಲ್ಲೇ ಇರುವ ಟ್ರಾನ್ಸ್‌ಫರ್‌ಸ್ಪ್ರೆಡ್‌ಶೀಟ್ ಕಮಾಂಡ್ ಸಾಕು, ಎಕ್ಸೆಲ್ ರೆಫರೆನ್ಸೇ ಬೇಡ. ಲೆಕ್ಕಪರಿಶೋಧಕರಿಗೆ ಕಳಿಸುವ ರಿಪೋರ್ಟು ಪಿಡಿಎಫ್ ಆದರೆ ಔಟ್‌ಪುಟ್‌ಟು ಸಾಕು. ವಿಬಿಸ್ಕ್ರಿಪ್ಟ್ ಅನ್ನುವ ಹಳೆ ಸ್ಕ್ರಿಪ್ಟ್ ಭಾಷೆಯನ್ನು ಮುಂದೆ ವಿಂಡೋಸಿನಿಂದ ತೆಗೆಯುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ನಿಮ್ಮ ರೆಫರೆನ್ಸಸ್ ಪಟ್ಟಿಯಲ್ಲಿ ವಿಬಿಸ್ಕ್ರಿಪ್ಟ್ ರೆಗ್ಯುಲರ್ ಎಕ್ಸ್‌ಪ್ರೆಶನ್ಸ್ (ಅಕ್ಷರಗಳ ಮಾದರಿ ಹುಡುಕುವ ಲೈಬ್ರರಿ) ಇದ್ದರೆ ಅದನ್ನು ಎಲ್ಲಿ ಬಳಸಿದ್ದೀರಿ ಅಂತ ಈಗಲೇ ಗುರುತು ಹಾಕಿಟ್ಟುಕೊಳ್ಳಿ.

ತಾನೇ ಸರಿಮಾಡಿಕೊಳ್ಳುವ ಕೋಡ್

ಪ್ರೋಗ್ರಾಂ ಶುರುವಾದ ಕೂಡಲೇ ರೆಫರೆನ್ಸುಗಳನ್ನು ಒಂದೊಂದಾಗಿ ನೋಡಿ, ಮುರಿದಿದ್ದನ್ನು ತೆಗೆದು ಹೊಸದನ್ನು ಸೇರಿಸುವ ಕೋಡನ್ನು ಬರೆಯಬಹುದು. ಕೇಳಲು ಚೆನ್ನಾಗಿದೆ. ನಾನು ಎರಡು ಕಡೆ ಹಾಕಿ ಎರಡೂ ಕಡೆ ತೆಗೆದೆ. ಮುರಿದ ಪ್ರಾಜೆಕ್ಟಿನ ಒಳಗೇ ಆ ಕೋಡ್ ಓಡಬೇಕು, ಹಾಗಾಗಿ ಲೆಫ್ಟ್, ಡೇಟ್ ಥರದ ಪದಗಳ ಮುಂದೆಲ್ಲ ‘ವಿಬಿಎ ಡಾಟ್’ (ವಿಬಿಎ ಅಂದರೆ ಆ್ಯಕ್ಸೆಸ್ ಕೋಡಿನ ಭಾಷೆ) ಹಾಕಬೇಕು, ಇಲ್ಲದಿದ್ದರೆ ರಿಪೇರಿಯೇ ಕೆಡುತ್ತದೆ. ಮುರಿದ ರೆಫರೆನ್ಸನ್ನು ತೆಗೆಯಲು ಹೋದಾಗ ಕೆಲವು ಸಲ ಅದು ಹೋಗುವುದೇ ಇಲ್ಲ. ಎಸಿಸಿಡಿಇ ಫೈಲಿನಲ್ಲಂತೂ ಇದು ನಡೆಯುವುದೇ ಇಲ್ಲ. ನೂರಾರು ಕಂಪ್ಯೂಟರಿಗೆ ಹಂಚುವವರಿಗೆ, ಚೆನ್ನಾಗಿ ಪರೀಕ್ಷೆ ಮಾಡುವ ಪುರುಸೊತ್ತು ಇರುವವರಿಗೆ ಸರಿ. ಅಷ್ಟೇ ಶ್ರಮದಲ್ಲಿ ಲೇಟ್ ಬೈಂಡಿಂಗ್ ಮುಗಿದಿರುತ್ತದೆ.

ಎಸಿಸಿಡಿಇ ಮಾತ್ರ ಇರುವವರು

ಇವರ ಕಷ್ಟ ಬೇರೆ. ಅದರಲ್ಲಿ ಕೋಡ್ ತೆರೆಯಲು ಬರುವುದಿಲ್ಲ, ಟಿಕ್ ಬದಲಿಸಲು ಬರುವುದಿಲ್ಲ, 32 ಬಿಟ್ಟಿನಲ್ಲಿ ಮಾಡಿದ್ದು 64ರಲ್ಲಿ ತೆರೆಯುವುದೂ ಇಲ್ಲ. ನಿಮಗೆ ಉಳಿದಿರುವುದು ಎರಡು. ಹಳೆ ಕಂಪ್ಯೂಟರಿನಲ್ಲಿ ಇದ್ದ ಅದೇ ಬಿಟ್ಟಿನ ಆಫೀಸ್, ಅವೇ ಓಸಿಎಕ್ಸ್ ಫೈಲುಗಳನ್ನು ಹೊಸದರಲ್ಲೂ ಕೂರಿಸುವುದು ಒಂದು. ಬರೆದುಕೊಟ್ಟವರನ್ನು ಹುಡುಕಿ ಮೂಲ ಎಸಿಸಿಡಿಬಿ ಕೇಳುವುದು ಇನ್ನೊಂದು. ಫೀ ಕೊಟ್ಟಾದರೂ ತೆಗೆದುಕೊಳ್ಳಿ. ಅವರು ಈಗ ಬೆಂಗಳೂರಿನಲ್ಲಿರಬಹುದು, ಬೇರೆ ಕೆಲಸದಲ್ಲಿರಬಹುದು, ಅವರ ಹತ್ತಿರವೂ ಹಳೆ ಹಾರ್ಡ್‌ಡಿಸ್ಕಿನಲ್ಲಿ ಎಲ್ಲೋ ಇರುವುದು. ಕಂಪ್ಯೂಟರ್ ಕೆಡುವ ಮೊದಲೇ ಫೋನ್ ಮಾಡಿ. ಫೈಲು ಸಿಕ್ಕ ದಿನ ರೆಫರೆನ್ಸಸ್ ಕಿಟಕಿ ತೆರೆದು, ಟಿಕ್ ಇರುವ ಪ್ರತಿ ಸಾಲಿನ ಹೆಸರನ್ನೂ ವರ್ಶನ್ನನ್ನೂ ಬರೆದು, ಆ ಹಾಳೆಯನ್ನು ಲೆಕ್ಕದ ಪುಸ್ತಕದ ಜೊತೆಗೇ ಇಟ್ಟುಬಿಡಿ.